ನಿಧಾನ ನಾಡಿಯವರು

ಕಲೊಟೀನಾಳ ಹಣೆ ಶವಪೆಟ್ಟಿಗೆಯ ಅಂಚಿಗೆ ತಗುಲಿದಾಗ, ಅವಳು ಅಜ್ಜನಿಗೆ ಮುತ್ತು ಕೊಡಲು ಬಗ್ಗಿದಳೆಂದೇ ಕೋಣೆಯಲ್ಲಿದ್ದ ಹೆಂಗಸರೆಲ್ಲ ತಿಳಿದರು. ಅಳು ಇನ್ನೊಂದು ಸುತ್ತು ಮೇಲೇರಿತು. ಪೆಟ್ಟಿಗೆಯ ತಲೆಯ ಕಡೆ ಕೂತಿದ್ದ ಕಥೊಲಿಕಿ ಅತ್ತೆ, ಸತ್ತವನ ತಂಗಿ, ಎದೆ ಬಡಿದುಕೊಳ್ಳುತ್ತ, ನೋಡು ಸ್ಕೇವೊಸ್, ನಿನ್ನ ಮೊಮ್ಮಗಳು ನಿನ್ನನ್ನು ಬಿಟ್ಟು ಏಳುತ್ತಿಲ್ಲ ನೋಡು ಎಂದು ರಾಗವೆತ್ತಿದಳು. ಹುಡುಗಿ ನಿಜಕ್ಕೂ ಏಳಲಿಲ್ಲ. ಅಜ್ಜನ ಎದೆಯ ಮೇಲೆ ಹರಡಿದ್ದ ಕಾಮಕಸ್ತೂರಿ ಕುಡಿಗಳ ಮೇಲಿಂದ ಅವಳ ಕೈ ಜಾರಿ, ಮರದ ಬದಿಗೆ ಬಡಿದು, ಜೋತುಬಿತ್ತು.

ಮೊದಲು ಓಡಿ ಬಂದವಳು ನೊಮಿಕಿ. ಅಲ್ಲಿಯವರೆಗೆ ಅವಳು ಬಾಗಿಲಾಚೆ ಬಿಸಿಲಲ್ಲಿ ನಿಂತಿದ್ದಳು. ಸೋದರಮಾವನ ಮುಖ ನೋಡಲೆಂದು ಬೆಳಗಿನ ಹಡಗಿನಿಂದ ಇಳಿದು ಬಂದವಳನ್ನು ಹೆತ್ತ ತಾಯಿ ಕಥೊಲಿಕಿಯೇ ಒಳಗೆ ಬಾ ಎಂದಿರಲಿಲ್ಲ. ಈಗ ಅವಳು ಯಾರನ್ನೂ ಕೇಳಲಿಲ್ಲ. ಹೆಂಗಸರನ್ನು ತಳ್ಳಿಕೊಂಡು ಬಂದು, ಹುಡುಗಿಯನ್ನು ಎಳೆದು ನೆಲದ ಮೇಲೆ ಅಂಗಾತ ಮಲಗಿಸಿ, ಕತ್ತಿನ ಪಕ್ಕಕ್ಕೆ ಎರಡು ಬೆರಳಿಟ್ಟಳು.

ಹುಡುಗಿಯ ತಾಯಿ ಥೆಮೆಲೀನಾ ಇದನ್ನೆಲ್ಲ ಅಪ್ಪನ ಕಾಲಿನ ಕಡೆಯಿಂದ ನೋಡಿದಳು. ಮಗಳ ಹೆಸರು ಹಿಡಿದು ಕೂಗಿದಳು. ಹುಟ್ಟುಕಿವುಡಿಯನ್ನು ಕೂಗಿ ಏನು ಬಂತು, ಆದರೂ ಕೂಗಿದಳು. ಯಾರೋ ವಿನಿಗರ್ ತಂದರು, ಇನ್ಯಾರೋ ಸೆಂಟಿನ ಸೀಸೆ ತಂದರು. ಊಟವಿಲ್ಲ, ನಿದ್ದೆಯಿಲ್ಲ, ರಾತ್ರಿಯೆಲ್ಲ ಅಜ್ಜನ ಪಕ್ಕ ಕೂತಿದ್ದಾಳೆ, ಇನ್ನೇನಾಗುತ್ತದೆ ಎಂದು ನೆರೆಯವರು ತಮ್ಮತಮ್ಮಲ್ಲೇ ಹೇಳಿಕೊಂಡರು. ನೊಮಿಕಿಯ ತುಟಿ ಎಣಿಸುತ್ತಿತ್ತು. ಒಂದು ಎಣಿಕೆಗೂ ಇನ್ನೊಂದಕ್ಕೂ ನಡುವಿನ ಉದ್ದದ ಬಿಡುವು ಥೆಮೆಲೀನಾಳ ಕಣ್ಣಿಗೆ ಬಿತ್ತು.

ಹುಡುಗಿ ಕಣ್ಣು ಬಿಟ್ಟಳು. ಮೇಲೆ ಬಾಗಿದ್ದ ಮುಖಗಳನ್ನು ಕಂಡು ನಾಚಿಕೊಂಡು, ಎದ್ದು ಕೂತು, ಏನಾಯಿತೆಂದು ತಾಯಿಯನ್ನು ಕೈಮಾತಿನಲ್ಲಿ ಕೇಳಿದಳು. ಏನಿಲ್ಲ, ತಲೆ ಸುತ್ತಿತು ಎಂದು ಥೆಮೆಲೀನಾ ಕೈಯಲ್ಲೇ ಹೇಳಿದಳು.

“ಹಿಂದೆಯೂ ಹೀಗೆ ಬಿದ್ದಿದ್ದಾಳಾ?” ನೊಮಿಕಿ ಕೇಳಿದಳು.

“ಇಲ್ಲ.”

“ಥೆಮೆಲೀನಾ, ನನ್ನ ಮುಖ ನೋಡಿ ಹೇಳು.”

“ಇಲ್ಲ ಅಂದ್ನಲ್ಲ. ಇದೇ ಮೊದಲು.”

ಹಾಗೆಂದವಳೇ ಖಾಲಿ ಕಾಫಿ ಕಪ್ಪುಗಳ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಗೋಡೆಗೆ ಒರಗಿ ನಿಂತಿದ್ದ ಗಂಡ ದ್ರೊಸೊಸ್ ಅವಳನ್ನೊಮ್ಮೆ ನೋಡಿ, ಆಮೇಲೆ ನೆಲ ನೋಡಿದ. ಅವನಿಗೂ ಗೊತ್ತಿತ್ತು. ಈಸ್ಟರ್ ವಾರದಲ್ಲಿ ಹುಡುಗಿ ಬಾವಿಕಟ್ಟೆಯ ಹತ್ತಿರ ಕೂತಲ್ಲೇ ಬಿದ್ದಿದ್ದಳು, ಬೇಸಗೆ ಶುರುವಾದ ಮೇಲೆ ಇನ್ನೊಮ್ಮೆ ಮೆಟ್ಟಿಲ ಮೇಲೆ. ಮದುವೆ ವಯಸ್ಸಿನ ಹುಡುಗಿ, ಮೊದಲೇ ಕಿವಿ ಕೇಳದವಳು. ಇದೂ ಒಂದು ಊರ ಬಾಯಿಗೆ ಬೀಳುವುದು ಬೇಡವೆಂದು ಗಂಡಹೆಂಡತಿ ತುಟಿ ಹೊಲಿದುಕೊಂಡಿದ್ದರು.

*

ಗ್ರೀಸಿನ ಆ ದ್ವೀಪದಲ್ಲಿ ನಿಧಾನ ನಾಡಿಯೆಂದರೆ ದೇವರು ಕೊಟ್ಟ ವರ. ಕಡಲ ತಳದಲ್ಲಿ ಬೆಳೆಯುವ ಸ್ಪಂಜು ಕೀಳುವ ದೋಣಿಗಳು ಈಸ್ಟರ್ ಮುಗಿಸಿಕೊಂಡು ಲಿಬಿಯಾದ ತೀರಕ್ಕೆ ಹೊರಡುತ್ತಿದ್ದ ಕಾಲದಲ್ಲಿ, ಊರ ಹುಡುಗರು ಬಂದರಿನ ಕಾಫಿ ಅಂಗಡಿಯ ಮುಂದೆ ಅಂಗಿಯ ತೋಳು ಮಡಚಿ ಸಾಲಾಗಿ ನಿಲ್ಲುತ್ತಿದ್ದರು. ದೋಣಿಯ ಯಜಮಾನ ಒಬ್ಬೊಬ್ಬರ ಮಣಿಕಟ್ಟನ್ನೂ ಹಿಡಿದು ನೋಡುತ್ತಿದ್ದ. ನಾಡಿ ಬೇಗ ಬಡಿಯುವವನು ಅಡುಗೆಗೆ, ಇಲ್ಲವೇ ಹಗ್ಗ ಹಿಡಿಯಲಿಕ್ಕೆ. ನಿಧಾನವಾಗಿ ಬಡಿಯುವವನು ಕಡಲ ತಳಕ್ಕೆ. ತಳಕ್ಕೆ ಇಳಿಯುವವನಿಗೆ ಹೆಣ್ಣು ಕೊಡಲು ಊರವರು ನಾ ಮುಂದು ತಾ ಮುಂದು ಎನ್ನುತ್ತಿದ್ದರು.

ಸ್ಕೇವೊಸನ ಮಣಿಕಟ್ಟು ಹಿಡಿದ ಯಜಮಾನ ನಾಡಿ ಸಿಗದೆ ಬೆರಳು ಜರುಗಿಸಿದನಂತೆ. ಮತ್ತೆ ಜರುಗಿಸಿದನಂತೆ. ಆಮೇಲೆ ಸುತ್ತಲಿದ್ದವರಿಗೆ, ಇವನ ಎದೆ ಒಂದು ಸಲ ಬಡಿದು, ಕೂತು ಸಿಗರೇಟು ಸೇದಿ, ಆಮೇಲೆ ಇನ್ನೊಂದು ಸಲ ಬಡಿಯುತ್ತೆ ಕಣ್ರೋ ಎಂದನಂತೆ. ಆ ಮಾತು ಊರಲ್ಲಿ ಉಳಿಯಿತು. ಕಿವಿ ಕೇಳದಿದ್ದರೇನು, ಕಡಲ ತಳದಲ್ಲಿ ಯಾರು ಯಾರನ್ನು ಕರೆಯುತ್ತಾರೆ? ಹಗ್ಗ ಜಗ್ಗಿದರೆ ಮೇಲೆ, ಬಿಟ್ಟರೆ ಕೆಳಗೆ, ಅಷ್ಟೇ ಮಾತು. ಜತೆಗೆ ಇಳಿದವರಲ್ಲಿ, ಆ ಆಳದ ಒತ್ತಡಕ್ಕೆ, ಕೆಲವರು ಕಾಲು ಕಳೆದುಕೊಂಡರು, ಬಹಳ ಮಂದಿ ಕಿವಿ ಕಳೆದುಕೊಂಡರು, ಒಂದಿಬ್ಬರು ತಿರುಗಿ ಬರಲೇ ಇಲ್ಲ. ಸ್ಕೇವೊಸನ ಕೂದಲೂ ಕೊಂಕಲಿಲ್ಲ. ಅವನು ಹುಟ್ಟಿನಿಂದಲೇ ಕಿವುಡನೆಂಬುದನ್ನೂ ಊರು ಬರಬರುತ್ತ ಮರೆತು, ಕಡಲೇ ಅವನ ಕಿವಿ ತೆಗೆದುಕೊಂಡಿತೆಂದು ಹೆಮ್ಮೆಯಿಂದ ಹೇಳತೊಡಗಿತು. ಮುಳುಗುವ ಕಾಲ ಮುಗಿದ ಮೇಲೆ ಅವನು ಮನೆಯ ಮುಂದೆ ಕೂತು, ಬೇರೆಯವರು ತಂದ ಸ್ಪಂಜುಗಳ ಅಂಚು ಕತ್ತರಿಸಿ ದುಂಡಗೆ ಮಾಡಿ ಕೊಡುತ್ತಿದ್ದ. ಮೊಮ್ಮಗಳಿಗೂ ಅದೇ ಕೆಲಸ ಕಲಿಸಿದ.

ಥೆಮೆಲೀನಾ ಚಿಕ್ಕವಳಿದ್ದಾಗ ಅವಳಿಗೂ ನೊಮಿಕಿಗೂ ಅದೊಂದು ಆಟ. ಅಪ್ಪ ಊಟ ಮಾಡಿ ಕುರ್ಚಿಯಲ್ಲಿ ತೂಕಡಿಸುವಾಗ ಇಬ್ಬರೂ ಒಂದೊಂದು ಕೈ ಹಿಡಿದು ಕೂರುವುದು, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ತಮ್ಮ ಹೆಸರು, ಅಪ್ಪಅಮ್ಮನ ಹೆಸರು, ಊರಿನ ಹೆಸರು ಹೇಳಿ ಮುಗಿಸುವುದು. ಮುಗಿಸಿದವಳು ಗೆದ್ದ ಹಾಗೆ. ಇಂಥವನ ಮಗಳೆಂದು ಥೆಮೆಲೀನಾಗೆ ಜಂಬವೋ ಜಂಬ. ಮುಂದೆ ದೂರದ ನೆಂಟನೇ ಆದ ದ್ರೊಸೊಸನನ್ನು ಮದುವೆಯಾಗಿ, ಕಲೊಟೀನಾ ಹುಟ್ಟಿ, ಮಗುವಿಗೂ ಕಿವಿ ಕೇಳದೆಂದು ತಿಳಿದು ಅವಳು ಅತ್ತಾಗ, ಕಥೊಲಿಕಿ ಅತ್ತೆ ಮಗುವಿನ ಕೈ ಹಿಡಿದು ನೋಡಿ, ಅಳಬೇಡ, ಅಜ್ಜನ ನಾಡಿ ಬಂದಿದೆ ಎಂದು ಸಮಾಧಾನ ಮಾಡಿದ್ದಳು.

*

ನೊಮಿಕಿ ಅಡುಗೆಮನೆಗೆ ಬಂದು ಬಾಗಿಲು ಹಾಕಿದಳು. ಒಲೆಯ ಮೇಲೆ, ಮಣ್ಣು ಮುಗಿಸಿ ಬರುವವರಿಗೆಂದು, ಮೀನಿನ ಸಾರು ಕುದಿಯುತ್ತಿತ್ತು.

“ಮಧ್ಯಾಹ್ನದ ಹಡಗಿಗೆ ಅವಳನ್ನ ದೊಡ್ಡ ದ್ವೀಪದ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು,” ಎಂದಳು.

ಥೆಮೆಲೀನಾ ಕಪ್ಪು ತೊಳೆಯುತ್ತಲೇ ಇದ್ದಳು. ಮಧ್ಯಾಹ್ನದ ಹಡಗು ಬರುವ ಹೊತ್ತಿಗೇ ಸ್ಮಶಾನದ ಚರ್ಚಿನಲ್ಲಿ ಅಪ್ಪನ ಪ್ರಾರ್ಥನೆ. ಅವನಿಗಿದ್ದವಳು ತಾನೊಬ್ಬಳೇ. ಪೆಟ್ಟಿಗೆ ಮುಚ್ಚುವ ಮೊದಲು ಕೊನೆಯ ಮುತ್ತು ಕೊಡಬೇಕಾದವಳು, ಮೊದಲ ಹಿಡಿ ಮಣ್ಣು ಹಾಕಬೇಕಾದವಳು. ನಾಳೆ ಹೋದರಾಯಿತು ಎಂದಳು. ನಾಳೆ ಹಡಗೇ ಇಲ್ಲವೆಂದಳು ನೊಮಿಕಿ. ಉತ್ತರದ ಗಾಳಿ ಏರುತ್ತಿದೆ, ಇವತ್ತಿನದು ಬಿಟ್ಟರೆ ಮತ್ತೆ ಯಾವಾಗಲೋ ಹೇಳಲಾಗದೆಂದು ಬಂದರಿನವರು ಅಂದಿದ್ದಾರೆ. ಈ ಗಾಳಿಗೆ ಹೆಲಿಕಾಪ್ಟರೂ ಇಳಿಯುವುದಿಲ್ಲ. ಆಗೀಗ ಬಂದುಹೋಗುವ ಡಾಕ್ಟರು ನಿನ್ನೆ ಸಂಜೆ ಸಾವು ಹೌದೆಂದು ಸಹಿ ಹಾಕಿ, ಬೆಳಗ್ಗೆ ಎದ್ದು ಹೊರಟುಹೋಗಿದ್ದರು.

“ಅವಳದು ಅಪ್ಪನ ನಾಡಿ. ಯಾವತ್ತೂ ನಿಧಾನವೇ.”

“ಮಾವ ಹೇಗೆ ಹೋದ, ಹೇಳು.”

“ಗೊತ್ತಿಲ್ವಾ ನಿನಗೆ? ಊಟ ಮಾಡಿ ಕುರ್ಚೀಲಿ ಕೂತಿದ್ದ. ನಿದ್ದೇಲಿ ಹೋದ. ಹಾಯಾಗಿ.”

“ಅದೇ ಕಣೆ ಆ ನಾಡಿ,” ಎಂದಳು ನೊಮಿಕಿ.

ಥೆಮೆಲೀನಾಳ ಕೈಯಲ್ಲಿದ್ದ ಕಪ್ಪು ತೊಟ್ಟಿಗೆ ಬಿತ್ತು. ಎಂಥ ಹೊತ್ತಿನಲ್ಲಿ ಎಂಥ ಮಾತು ಎಂದು ಸಿಟ್ಟು ನೆತ್ತಿಗೇರಿತು. ಆದರೆ ಮಾತು ಹೊಸದಲ್ಲ. ಎರಡು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ ಇದೇ ನೊಮಿಕಿಯ ಬಾಯಿಂದ ಕೇಳಿದ್ದಳು.

*

ನೊಮಿಕಿಗೆ ಅಥೆನ್ಸಿನ ಪ್ರಯೋಗಶಾಲೆಯಲ್ಲಿ ಇಲಿಗಳ ಒಳಗಿವಿ ನೋಡುವ ಕೆಲಸ. ಇಲಿ ಕಿವಿಯ ಡಾಕ್ಟರಮ್ಮ ಬಂದಳು ಎಂದು ಊರವರು ರೇಗಿಸುತ್ತಿದ್ದರು. ಅದಕ್ಕೂ ಹಿಂದಿನ ವರ್ಷ ಬಂದವಳು ಸೋದರಮಾವನ ತೋಳಿಂದ ರಕ್ತ ತೆಗೆದುಕೊಂಡು ಹೋಗಿ, ಮುಂದಿನ ಬೇಸಗೆಯಲ್ಲಿ ಉತ್ತರ ಹಿಡಿದುಕೊಂಡು ಬಂದಳು. ಎಲ್ಲರೂ ಮೇಜಿನ ಸುತ್ತ ಕೂತರು. ನೊಮಿಕಿ ಬಾಯಲ್ಲಿ ಹೇಳಿದ್ದನ್ನು ಥೆಮೆಲೀನಾ ಅಪ್ಪನಿಗೆ ಕೈಯಲ್ಲಿ ಹೇಳುತ್ತ ಹೋದಳು.

ಕಿವಿಯ ಒಳಗೆ, ಬಹಳ ಒಳಗೆ, ಶಂಖದಂಥ ಒಂದು ಸುರುಳಿ. ಅದರಲ್ಲಿ ಸಾಲಾಗಿ ನಿಂತ ಜೀವಕೋಶಗಳು, ಅವುಗಳ ತಲೆಯ ಮೇಲೆ ಕೂದಲಿನಂಥ ಎಳೆಗಳು. ಸದ್ದು ಬಂದರೆ ಎಳೆಗಳು ಅಲ್ಲಾಡುತ್ತವೆ. ಕೋಶದ ಬುಡದಲ್ಲಿ ಸಣ್ಣಸಣ್ಣ ಬಾಗಿಲುಗಳಿವೆ. ಎಳೆ ಅಲ್ಲಾಡಿದೊಡನೆ ಬಾಗಿಲು ತೆರೆದು ಕ್ಯಾಲ್ಸಿಯಂ, ಸುಣ್ಣದಲ್ಲಿರುವುದೇ ಅದು, ಒಳಗೆ ನುಗ್ಗುತ್ತದೆ. ಬಾಗಿಲ ಪಕ್ಕದಲ್ಲೇ ಸುದ್ದಿಯ ರಸ ತುಂಬಿದ ಪುಟ್ಟ ಚೀಲಗಳು ಸಿದ್ಧವಾಗಿ ಕೂತಿರುತ್ತವೆ. ಕ್ಯಾಲ್ಸಿಯಂ ಮುಟ್ಟಿದ್ದೇ ತಡ, ಚೀಲ ಒಡೆದು ಆ ರಸ ನರದ ಮೇಲೆ ಬೀಳುತ್ತದೆ, ನರ ಅದನ್ನು ಮಿದುಳಿಗೆ ಮುಟ್ಟಿಸುತ್ತದೆ. ಹೆಚ್ಚು ಬಾಗಿಲು ತೆರೆದರೆ ಹೆಚ್ಚು ಚೀಲ ಒಡೆಯುತ್ತವೆ, ಸದ್ದು ದೊಡ್ಡದು. ಕಡಿಮೆ ತೆರೆದರೆ ಪಿಸುಮಾತು.

“ಮಾವನದರಲ್ಲಿ ಎಳೆಯೂ ಸರಿಯಿದೆ, ನರವೂ ಸರಿಯಿದೆ. ಬಾಗಿಲೂ ಅದರ ಜಾಗದಲ್ಲೇ ಇದೆ. ಆದರೆ ಅದರಿಂದ ಏನೂ ಒಳಗೆ ಬರೋದಿಲ್ಲ. ಹುಟ್ಟಿದಾಗಿನಿಂದ ಚೀಲಗಳು ಹಾಗೇ ಕೂತಿವೆ,” ಎಂದಿದ್ದಳು ನೊಮಿಕಿ.

ಸ್ಕೇವೊಸ್ ಮಗಳ ಕೈಯನ್ನೇ ನೋಡುತ್ತಿದ್ದ. ಅವಳನ್ನು ಕೈಯಲ್ಲೇ ಕೇಳಿದ: “ಹಾಗಾದ್ರೆ ನಿಮ್ಮಮ್ಮ ಬೈದದ್ದೆಲ್ಲ ಆ ಬಾಗಿಲ ತನಕ ಬಂದು ನಿಂತಿತ್ತಾ?”

ಬಂದಿತ್ತು ಎಂದಳು ನೊಮಿಕಿ. ಸತ್ತು ಎಷ್ಟೋ ಕಾಲವಾಗಿದ್ದ ಹೆಂಡತಿಯನ್ನು ನೆನೆದು ಅವನು ಮೇಜು ಗುದ್ದಿ ಗುದ್ದಿ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಲೊಟೀನಾಳೂ ನಕ್ಕಳು.

ನಗು ನಿಂತ ಮೇಲೆ ನೊಮಿಕಿ ಉಳಿದದ್ದನ್ನು ಹೇಳಿದಳು. ಅದೇ ಜಾತಿಯ ಬಾಗಿಲು ಹೃದಯದ ಮೇಲ್ಭಾಗದಲ್ಲೂ ಇದೆ. ಎದೆ ಯಾವಾಗ ಬಡಿಯಬೇಕೆಂದು ನಿಗದಿ ಮಾಡುವ ಜಾಗ ಅದು. ಓಡುವಾಗ, ಹೆದರಿದಾಗ, ಸಿಟ್ಟು ಬಂದಾಗ, ನೀರಿನಡಿ ಕೆಲಸ ಮಾಡುವಾಗ ಮೈಯ ಬೇರೊಂದು ರಸ ಹೃದಯವನ್ನು ಚಾಟಿ ಬೀಸಿ ಓಡಿಸುತ್ತದೆ, ಆಗ ಭಯವಿಲ್ಲ. ಸುಮ್ಮನೆ ಕೂತಾಗ, ನಿದ್ದೆ ಹತ್ತಿದಾಗ ಚಾಟಿ ಬೀಸುವವರಿಲ್ಲ. ನಿಮ್ಮ ನಿಧಾನ ನಾಡಿ ವರವಲ್ಲ, ಅದೂ ಕಿವುಡೂ ಒಂದೇ ತೊಂದರೆ. ಮಾವನೂ ಹುಡುಗಿಯೂ ಎದೆ ತೋರಿಸಿಕೊಳ್ಳಬೇಕು.

ಸ್ಕೇವೊಸ್ ಕೈಯಾಡಿಸಿದ. ಈ ಎದೆ ನನ್ನನ್ನು ಎಷ್ಟು ಸಲ ಕೆಳಗಿಳಿಸಿ ಮೇಲೆ ತಂದಿದೆ ಗೊತ್ತಾ, ಅದಕ್ಕೆ ಈಗ ಅವಮಾನ ಮಾಡಲೇ ಎಂದ. ಕಥೊಲಿಕಿ ಅಷ್ಟಕ್ಕೇ ಬಿಡಲಿಲ್ಲ. ನಮ್ಮ ರಕ್ತದಲ್ಲಿ ಹುಳುಕಿದೆ ಎಂದು ಊರಿಗೆಲ್ಲ ಡಂಗುರ ಹೊಡೆಯಲು ನಿನ್ನನ್ನು ಓದಿಸಿದೆನೇ ಎಂದು ಮಗಳ ಚೀಲವನ್ನು ಬೀದಿಗೆ ಎಸೆದಳು. ಹೋಗುವ ಮುಂಚೆ ನೊಮಿಕಿ, ಹುಡುಗಿಯ ರಕ್ತವನ್ನಾದರೂ ಕೊಡೆಂದು ಥೆಮೆಲೀನಾಳ ಕೈ ಹಿಡಿದು ಬೇಡಿದಳು.

“ನನ್ನ ಮಗಳು ನಿನ್ನ ಇಲಿಯಲ್ಲ,” ಎಂದಿದ್ದಳು ಥೆಮೆಲೀನಾ.

*

“ಎರಡು ಸಲ ಬಿದ್ದಿದ್ದಾಳೆ,” ಥೆಮೆಲೀನಾ ಈಗ ತೊಟ್ಟಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ಇದು ಮೂರನೇದು.”

ನೊಮಿಕಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಯಲ್ಲಿ ಎದೆಗೆ ನಾಡಿ ತಪ್ಪದಂತೆ ಕಾಯುವ ಪುಟ್ಟ ಯಂತ್ರ ಕೂರಿಸುತ್ತಾರೆ, ಆಮೇಲೆ ಎಷ್ಟು ಹೊತ್ತಾದರೂ ನಿದ್ದೆ ಮಾಡಲಿ, ಅಲ್ಲಿ ಮುಟ್ಟುವ ತನಕ ಮಾತ್ರ ಮಲಗಬಾರದು ಎಂದಳು. ರಾತ್ರಿಯೆಲ್ಲ ಎಚ್ಚರವಿದ್ದವಳು, ಅತ್ತು ಅತ್ತು ಸೋತವಳು. ಮನೆಗೆ ಜನ ಬಂದು ಹೋಗಿ ಎಲ್ಲ ಮುಗಿದ ಮೇಲೆ ಅವಳು ಮಲಗುವ ನಿದ್ದೆಗೆ ತನಗೆ ಹೆದರಿಕೆ ಎಂದಳು.

ದ್ರೊಸೊಸನನ್ನು ಕರೆಸಿ ಹೇಳಿದರು. ಅವನು ಕೆಟ್ಟವನಲ್ಲ, ಆದರೆ ಊರಿಗೆ ಹೆದರುವವನು. ಹೆಣವನ್ನು ಮನೆಯಲ್ಲಿಟ್ಟುಕೊಂಡು ಮಗಳು ಮೊಮ್ಮಗಳು ಹಡಗು ಹತ್ತುವುದೆಂದರೇನು ಎಂದ. ಅಲ್ಲಿ ಹೋಗಿ ನೋಡಿದರೆ ಏನೂ ಇಲ್ಲವೆಂದಾದರೆ? ಅತ್ತ ಅಪ್ಪನೂ ಹೋದ, ಇತ್ತ ಮಾನವೂ ಹೋಯಿತು.

“ನಮ್ಮ ಮೊಮ್ಮಕ್ಕಳ ಕಾಲಕ್ಕೂ ಊರು ಆಡ್ಕೊಳ್ಳುತ್ತೆ ಕಣೆ ಇದನ್ನ.”

“ಮೊಮ್ಮಕ್ಕಳಾಗೋಕೆ ಮಗಳಿರಬೇಕಲ್ಲ,” ಎಂದಳು ಥೆಮೆಲೀನಾ.

ಅಷ್ಟು ಗಟ್ಟಿಯಾಗಿ ಅಂದಳಾದರೂ ಅವಳಿಗೇ ಇನ್ನೂ ನಂಬಿಕೆ ಕೂತಿರಲಿಲ್ಲ. ಕೈ ಒರೆಸಿಕೊಂಡು ಒಳಕೋಣೆಗೆ ಹೋದಳು. ಕಲೊಟೀನಾ ಮತ್ತೆ ಪೆಟ್ಟಿಗೆಯ ಪಕ್ಕ ಕೂತು, ಅಜ್ಜನ ಅಂಗಿಯ ಕಾಲರು ಸರಿಮಾಡುತ್ತಿದ್ದಳು. ಥೆಮೆಲೀನಾ ಪಕ್ಕದಲ್ಲಿ ಕೂತು, ಅಕ್ಕರೆಯಿಂದ ಹಿಡಿದಂತೆ ಅವಳ ಮಣಿಕಟ್ಟು ಹಿಡಿದಳು. ಒಂದು ಬಡಿತ ಸಿಕ್ಕಿತು. ಥೆಮೆಲೀನಾ, ಸ್ಕೇವೊಸನ ಮಗಳು, ಎಂದು ಮನಸ್ಸು ತಾನಾಗಿ ಹಳೆಯ ಆಟ ಶುರುಮಾಡಿತು. ಅಮ್ಮನ ಹೆಸರು ಬಂತು. ಊರಿನ ಹೆಸರು ಬಂತು. ಹೇಳಲು ಇನ್ನೇನೂ ಉಳಿಯಲಿಲ್ಲ, ಬೆರಳ ಕೆಳಗೆ ಏನೂ ಬರಲಿಲ್ಲ. ಎದುರಿಗೆ ಅಪ್ಪ ತಣ್ಣಗೆ ಮಲಗಿದ್ದ. ಆಮೇಲೆ ಬಂತು, ಬೇಜಾರಿನಿಂದ ಬಂದಂತೆ. ಇದನ್ನು ಹಿಡಿದುಕೊಂಡು ತಾನು ಕಿಸಿಕಿಸಿ ನಗುತ್ತಿದ್ದೆನೆಂದು ನೆನೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೊರಡೋಣ, ಆಸ್ಪತ್ರೆಗೆ, ಈಗಲೇ ಎಂದು ಮಗಳಿಗೆ ಹೇಳಿದಳು. ಕಲೊಟೀನಾ ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು.

“ಅಜ್ಜ ಮಣ್ಣಿಗೆ ಹೋಗೋ ತನಕ ನಾನು ಎಲ್ಲಿಗೂ ಬರಲ್ಲ.”

“ನಿನ್ನ ಎದೆ ಸರಿಯಿಲ್ಲ.”

“ಅಜ್ಜನದೂ ಹೀಗೇ ಇತ್ತು,” ಎಂದಳು ಹುಡುಗಿ. ಅಷ್ಟು ಹೇಳಿ ಮುಖ ತಿರುಗಿಸಿದಳು. ಅವಳು ಮುಖ ತಿರುಗಿಸಿದಳೆಂದರೆ ಮಾತು ಮುಗಿದ ಹಾಗೆ, ಇನ್ನು ಏನು ಕೈಯಾಡಿಸಿದರೂ ಕಾಣಿಸದು.

ಅಷ್ಟು ಹೊತ್ತಿಗೆ ಕಥೊಲಿಕಿ ಅತ್ತೆಗೆ ವಿಷಯ ತಿಳಿದಿತ್ತು. ಅಪ್ಪ ಮಣ್ಣು ಸೇರುವ ಮುಂಚೆ ಹೊಸಿಲು ದಾಟುವವಳು ಬೇಯಿಸಿದ, ಸತ್ತವನ ಹೆಸರಲ್ಲಿ ನಲವತ್ತನೇ ದಿನ ಹಂಚುವ ಗೋದಿಯನ್ನು ನಾನಂತೂ ಬಾಯಿಗೆ ಹಾಕೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹೆಂಗಸರ ಅಳು ನಿಂತು ಎಲ್ಲರ ಕಣ್ಣೂ ಥೆಮೆಲೀನಾಳ ಮೇಲೆ ಬಿತ್ತು. ಹೊರಗೆ ಪೆಟ್ಟಿಗೆ ಹೊರುವ ಗಂಡಸರು ಸಿಗರೇಟು ಆರಿಸಿ ಎದ್ದು ನಿಂತರು. ಬಂದರಿನ ಕಡೆಯಿಂದ ಹಡಗಿನ ಕೂಗು ಕೇಳಿಸಿತು. ಇನ್ನು ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಥೆಮೆಲೀನಾ ಏನೂ ಯೋಚಿಸಲಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟು, ಎದೆ ಒತ್ತಿ ಹಿಡಿದು, ಮಗಳ ಕಣ್ಣೆದುರಿಗೇ ನೆಲಕ್ಕೆ ಕುಸಿದಳು.

ಕಲೊಟೀನಾ ಒಂದೇ ನೆಗೆತಕ್ಕೆ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳ ಗಂಟಲಿಂದ, ಬೇರೆಯವರಿಗೆ ಕೇಳಿಸೀತೆಂದು ಅವಳು ಯಾವತ್ತೂ ಬಿಡದ ಒರಟು ಸದ್ದೊಂದು ಹೊರಟಿತು. ಕಥೊಲಿಕಿ ಅತ್ತೆ ಮಂಡಿಯೂರಿ ಬಗ್ಗಿ, ಥೆಮೆಲೀನಾಳ ಮುಖವನ್ನು ಹತ್ತಿರದಿಂದ ನೋಡಿದಳು. ಸಾವಿನ ಮನೆಗಳಲ್ಲಿ ನಿಜವಾಗಿ ಬಿದ್ದವರನ್ನೂ ಬಿದ್ದಂತೆ ಮಾಡಿದವರನ್ನೂ ಎಷ್ಟೋ ಕಂಡ ಕಣ್ಣು ಅದು. ಥೆಮೆಲೀನಾ ಉಸಿರು ಬಿಗಿಹಿಡಿದಳು.

“ನಿನಗೆ ಬೀಳೋಕೂ ನೆಟ್ಟಗೆ ಬರಲ್ಲ,” ಅತ್ತೆ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು.

ಆಮೇಲೆ ನೆಟ್ಟಗೆ ಎದ್ದು ನಿಂತು ಎದೆ ಬಡಿದುಕೊಂಡು, ಅಣ್ಣನ ಹಿಂದೆಯೇ ಮಗಳೂ ಹೊರಟಳಲ್ಲಪ್ಪೋ, ನೋಡುತ್ತ ನಿಂತಿದ್ದೀರಲ್ಲ, ಹಡಗಿಗೆ ಸಾಗಿಸಿ ಎಂದು ಮನೆ ಹಾರಿಹೋಗುವಂತೆ ಕೂಗಿದಳು. ಗೋದಿಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗಳು ನೊಮಿಕಿಯ ಮುಖವನ್ನೂ ನೋಡಲಿಲ್ಲ. ಆದರೆ ಅವಳು ದಾಟಿಹೋಗುವಾಗ ಕಾಲು ಸರಿಸಿ ದಾರಿ ಬಿಟ್ಟಳು.

ಕಾಯಿಲೆಯವಳೆಂದು ಎತ್ತಿಕೊಂಡು ಹೋಗುವಾಗ ಥೆಮೆಲೀನಾಗೆ ಪೆಟ್ಟಿಗೆಯ ಮುಂದೆ ನಿಲ್ಲಲು ಆಗಲಿಲ್ಲ. ನಿಂತಿದ್ದರೆ ನಾಟಕ ಬಯಲಾಗುತ್ತಿತ್ತು. ಕೈ ಚಾಚಿದಾಗ ಸಿಕ್ಕಿದ್ದು ಅಪ್ಪನ ಬೂಟಿನ ತುದಿ. ಅದನ್ನೇ ಮುಟ್ಟಿ ಹೊಸಿಲು ದಾಟಿದಳು.

*

ಹಡಗಿನ ಒಳಗೆ ಬೆಂಚಿನ ಮೇಲೆ ತಾಯಿಯನ್ನು ಮಲಗಿಸಿ, ಕಲೊಟೀನಾ ಕಾಲ ಬಳಿ ಕೂತಳು. ಕರವಸ್ತ್ರ ಒದ್ದೆ ಮಾಡಿ ತಂದು ಹಣೆಗೆ ಹಾಕಿದಳು. ನೀರು ಕುಡಿಸಿದಳು. ಘಳಿಗೆಗೊಮ್ಮೆ ನೋವಿದೆಯಾ ಎಂದು ಕೇಳಿದಳು. ಅವಳು ಹಾಗೆ ಆರೈಕೆ ಮಾಡಿದಷ್ಟೂ ಥೆಮೆಲೀನಾಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು. ಆಸ್ಪತ್ರೆ ಮುಟ್ಟಿದ ಮೇಲೆ, ಡಾಕ್ಟರ ಎದುರಿಗೆ, ನೊಮಿಕಿಯಿಂದಲೇ ನಿಜ ಹೇಳಿಸಿದರಾಯಿತು ಎಂದುಕೊಂಡಿದ್ದಳು. ನೊಮಿಕಿ ಆ ಕಡೆಯ ಬಂದರಿಗೆ ಆಂಬುಲೆನ್ಸ್ ತರಿಸಲು, ಸಿಗ್ನಲ್ ಸಿಗುವ ಮೇಲಟ್ಟಕ್ಕೆ ಫೋನು ಹಿಡಿದು ಹೋಗಿದ್ದಳು.

ಹಡಗು ಬಂದರು ಬಿಟ್ಟು ತಿರುಗಿತು. ಗಾಳಿಯ ಜತೆ ಚರ್ಚಿನ ಗಂಟೆ ಕೇಳಿಸಿತು. ಒಂದೊಂದೇ, ಬಿಟ್ಟು ಬಿಟ್ಟು. ಹುಡುಗಿ ಕಿಟಕಿಗೆ ಬೆನ್ನು ಮಾಡಿ, ತಾಯಿಯ ಮುಖವನ್ನೇ ಕಾಯುತ್ತ ಕೂತಿದ್ದಳು. ಅವಳ ಬೆನ್ನ ಹಿಂದೆ, ದಡದ ಏರುರಸ್ತೆಯಲ್ಲಿ, ಕಪ್ಪು ಬಟ್ಟೆಯ ಜನ ಚುಕ್ಕಿಗಳಾಗಿ ಸ್ಮಶಾನದ ಕಡೆ ಹತ್ತುತ್ತಿದ್ದುದು ಥೆಮೆಲೀನಾಗೆ ಕಾಣುತ್ತಿತ್ತು. ಪೆಟ್ಟಿಗೆ ಹೊರಲೆಂದು ಹಿಂದುಳಿದ ದ್ರೊಸೊಸನ ಹೆಗಲ ಮೇಲೆ ಅಪ್ಪನಿದ್ದ. ಅಳಲು ಹೊತ್ತಿರಲಿಲ್ಲ.

ತಾಯಿಯ ಮುಖಕ್ಕೆ ಬಣ್ಣ ಬಂದದ್ದು ಕಂಡು ಹುಡುಗಿಗೆ ಸಮಾಧಾನವಾಗಿತ್ತು. ಹಡಗು ತೊಟ್ಟಿಲಂತೆ ತೂಗುತ್ತಿತ್ತು. ಅವಳ ರೆಪ್ಪೆ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಥೆಮೆಲೀನಾ ಅವಳ ಕೈ ಹಿಡಿದು ಜಗ್ಗಿದಳು. ಹುಡುಗಿ ಕಣ್ಣು ಬಿಡದೆ ನಕ್ಕು, ಇನ್ನೊಂದು ಕೈಯಿಂದ, ಸ್ವಲ್ಪ ಹೊತ್ತು ಮಲಗ್ತೀನಿ, ನೀನೀಗ ಚೆನ್ನಾಗಿದ್ದೀಯಲ್ಲ ಎಂದಳು. ಆ ಕೈ ಮಡಿಲಿಗೆ ಬಿತ್ತು. ಥೆಮೆಲೀನಾಳ ಬೆರಳು ಮಣಿಕಟ್ಟಿನ ಮೇಲೇ ಇತ್ತು. ಬಂತು. ಬರಲಿಲ್ಲ. ಬರಲಿಲ್ಲ. ಬಂತು. ನೊಮಿಕೀ ಎಂದು ಕೂಗಿದಳು. ಎಂಜಿನ್ನಿನ ಸದ್ದಿನಲ್ಲಿ ಮೇಲಟ್ಟಕ್ಕೆ ಯಾವ ಕೂಗೂ ಮುಟ್ಟುವಂತಿರಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದಳು, ಕೆನ್ನೆಗೆ ತಟ್ಟಿದಳು. ಹುಡುಗಿ ಮುಖ ಸಿಂಡರಿಸಿ, ಕಣ್ಣು ಅರ್ಧ ತೆರೆದು, ಏನು ಎಂಬಂತೆ ನೋಡಿದಳು. ಇನ್ನೊಂದು ಕ್ಷಣ ಬಿಟ್ಟರೆ ಆ ಕಣ್ಣು ಮುಚ್ಚುತ್ತಿತ್ತು.

ಥೆಮೆಲೀನಾ ನೆಟ್ಟಗೆ ಎದ್ದು ಕೂತಳು. ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ತೆಗೆದು ಎಸೆದಳು.

“ನನಗೇನೂ ಆಗಿಲ್ಲ,” ಎಂದು ಕೈಯಾಡಿಸಿದಳು. “ಸುಳ್ಳು ಹೇಳಿದೆ. ನಾನು ಬಿದ್ದದ್ದು ನಾಟಕ.”

ಹುಡುಗಿಗೆ ಅರ್ಥವಾಗಲಿಲ್ಲ.

“ಅಜ್ಜನ ಹತ್ತಿರದಿಂದ ನಿನ್ನನ್ನ ಎಬ್ಬಿಸೋಕೆ ಹಾಗೆ ಮಾಡಿದೆ. ನೀನು ಕತ್ತೆ ಥರ ನಂಬಿದೆ. ಹಿಂದೆ ತಿರುಗಿ ನೋಡು.”

ಕಲೊಟೀನಾ ತಿರುಗಿದಳು. ಏರುರಸ್ತೆಯ ಮೇಲಿನ ಸಾಲು ಸ್ಮಶಾನದ ಗೋಡೆಯ ಹತ್ತಿರ ಬಂದಿತ್ತು. ಮುಂದಿನವರು ಆಗಲೇ ಒಳಗೆ ಹೋಗುತ್ತಿದ್ದರು. ಅವಳು ಕಿಟಕಿಯ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಳು. ಕೊನೆಯ ಚುಕ್ಕಿಯೂ ಗೋಡೆಯ ಹಿಂದೆ ಹೋಯಿತು. ಅವಳು ಇತ್ತ ತಿರುಗಿದಾಗ ಥೆಮೆಲೀನಾಗೆ ಮಗಳ ಆ ಮುಖದ ಪರಿಚಯವೇ ಇರಲಿಲ್ಲ.

ಕೈಗಳು ಶುರುವಾದವು. ಕಳ್ಳಿ ಎಂದಳು. ನನ್ನ ಅಜ್ಜನನ್ನು ಕದ್ದೆ ಎಂದಳು. ನನಗೆ ಕಿವಿಯಿಲ್ಲವೆಂದು ಎಲ್ಲರೂ ಮೋಸ ಮಾಡುತ್ತಾರೆ, ನೀನೂ ಮಾಡಿದೆ ಎಂದಳು. ನಿನ್ನಪ್ಪನ ಹೆಣಕ್ಕೆ ಬೆನ್ನು ತೋರಿಸಿ ಬಂದವಳು ನೀನು, ನೀನು ಸತ್ತಾಗ ನಾನೂ ಬರುವುದಿಲ್ಲ ನೋಡು ಎಂದಳು. ಬೆಂಚುಗಳ ಮೇಲಿದ್ದ ಪ್ರಯಾಣಿಕರು ತಿಂಡಿ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬೆರಗಾಗಿ ನೋಡಿದರು. ಥೆಮೆಲೀನಾ ಮಗಳ ಕತ್ತನ್ನು ನೋಡುತ್ತಿದ್ದಳು. ಅಲ್ಲಿ ಚರ್ಮದ ಕೆಳಗೆ, ಸಿಟ್ಟಿನ ಚಾಟಿ ಬಿದ್ದು, ನಾಡಿ ಟಕಟಕ ಹಾರುತ್ತಿತ್ತು.

“ಅಜ್ಜನ ಬದಲು ನೀನು ಸಾಯಬೇಕಿತ್ತು,” ಎಂದಳು ಕಲೊಟೀನಾ.

“ಆಮೇಲೆ? ಇನ್ನೂ ಹೇಳು.”

ಹುಡುಗಿ ಏದುಸಿರು ಬಿಡುತ್ತ ನಿಂತಳು. ಕೈಗಳು ನಿಧಾನವಾಗಿ ಇಳಿದವು. ಬೆಂಚಿನ ತುದಿಗೆ ಕೂತು, ಮಂಡಿಯ ಮೇಲೆ ತಲೆಯಿಟ್ಟುಕೊಳ್ಳಲು ಬಗ್ಗಿದಳು. ಎದುರು ಬದಿಯ ಕಿಟಕಿಯಾಚೆ ದೊಡ್ಡ ದ್ವೀಪ ಇನ್ನೂ ನೀಲಿಯ ಒಂದು ಗೆರೆ. ಥೆಮೆಲೀನಾ ಅವಳ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ಎತ್ತಿದಳು. ಕಣ್ಣಲ್ಲಿ ಕಣ್ಣಿಟ್ಟು, ಇನ್ನೊಂದು ಕೈಯಿಂದ, ತನ್ನ ಜೀವಮಾನದಲ್ಲಿ ಯಾರಿಗೂ ಹೇಳದಂಥ ಸುಳ್ಳನ್ನು ಬಿಡಿಸಿ ಬಿಡಿಸಿ ಹೇಳಿದಳು.

“ಅಜ್ಜನಿಗೆ ನಿನ್ನನ್ನ ಕಂಡರೆ ಯಾವತ್ತೂ ಆಗ್ತಿರಲಿಲ್ಲ.”

ಹುಡುಗಿಯ ಕೈಗಳು ಮತ್ತೆ ಮೇಲೆದ್ದವು.